ನಾಲೆಯ ನೀರಿನಲ್ಲಿ ದೋಣಿ ನಡೆಯದೇಕೆ?

ದಾವಣಗೆರೆಯ ಸೀಮೆಗೆ ಭದ್ರೆಯ ನೀರು ಬಂದ ಮೇಲೆ ಆ ನಾಡಿನ ಮುಖವೇ ಬದಲಾಯಿತೆಂಬುದು ವಾಚಕರೆಲ್ಲರೂ ಬಲ್ಲ ಸಂಗತಿ. ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ಊರಿನ ಸುತ್ತಲೂ ಈಗ ಕಣ್ಣು ಹಾಯುವವರೆಗೆ ಬತ್ತದ ಗದ್ದೆಗಳು. ನಾಲೆಯ ಸೇತುವೆಯ ಮೇಲೆ ನಿಂತು ತುಂಬಿ ಹರಿಯುವ ನೀರನ್ನು ನೋಡುವ ವಿದ್ಯಾರ್ಥಿಗಳು ಆಗಾಗ್ಗೆ ಒಂದು ಪ್ರಶ್ನೆಯನ್ನು ಕೇಳುತ್ತಾರೆ: ‘ಇಷ್ಟು ನೀರಿದ್ದೂ ಇಲ್ಲಿ ದೋಣಿಗಳೇಕಿಲ್ಲ? ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಗಳು ಸಾಗುವ ಚಿತ್ರಗಳನ್ನು ನೋಡಿದ್ದೇವೆ. ಕೇರಳದಲ್ಲಿಯೂ ಕಾಲುವೆಯೇ ರಸ್ತೆ. ದಾವಣಗೆರೆಯಲ್ಲಿ ಒಂದು ದೋಣಿಗಟ್ಟೆಯನ್ನು ಕಟ್ಟಿ ಹರಿಹರದವರೆಗೆ ದೋಣಿಯಲ್ಲಿ ಹೋಗಿಬರುವಂತೆ ಮಾಡಬಾರದೇಕೆ?’

ಪ್ರಶ್ನೆ ಸರಳವಾದುದೇ. ಆದರೆ ಉತ್ತರವನ್ನು ಹುಡುಕಹೊರಟರೆ ಭೌತಶಾಸ್ತ್ರದ ಪಠ್ಯಪುಸ್ತಕದ ಹಲವು ಅಧ್ಯಾಯಗಳ ಮೂಲಕ ಹಾದುಹೋಗಬೇಕಾಗುತ್ತದೆ. ಆ ದಾರಿಯಲ್ಲಿ ನಮ್ಮ ಹರಿಗೋಲಿನಿಂದ ಹಿಡಿದು ಸ್ಕಾಟ್ಲೆಂಡಿನ ಒಂಟಿ ಅಲೆಯವರೆಗೆ ಅನೇಕ ಸ್ವಾರಸ್ಯಗಳಿವೆ; ಜೀವ ಉಳಿಸುವ ಒಂದೆರಡು ಪಾಠಗಳೂ ಇವೆ.

ಧಕ್ಕೆ ಹುಟ್ಟಿದ ಬಗೆ

ದೋಣಿ ಬಂದು ನಿಲ್ಲುವ, ಸರಕನ್ನು ಇಳಿಸಿ ಏರಿಸುವ ಕಟ್ಟೆಗೆ ನಮ್ಮ ಕರಾವಳಿಯವರು ‘ಧಕ್ಕೆ’ ಎನ್ನುತ್ತಾರೆ. ಸಮುದ್ರತೀರದಲ್ಲಿ ಧಕ್ಕೆಯಿರುವುದು ಸಹಜ. ಕಡಲಿನಿಂದ ಬಹುದೂರದ ಒಳನಾಡಿನಲ್ಲಿ, ಅಗೆದು ಮಾಡಿದ ಕಾಲುವೆಯ ದಡದಲ್ಲಿ ಅದು ಹುಟ್ಟಿದುದಕ್ಕೆ ಕಾರಣ ಕಲ್ಲಿದ್ದಲು. ೧೭೬೧ರಲ್ಲಿ ಇಂಗ್ಲೆಂಡಿನಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದಾಗ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧದಷ್ಟಕ್ಕೆ ಇಳಿಯಿತು. ಒಳ್ಳೆಯ ರಸ್ತೆಯಲ್ಲಿ ಬಂಡಿಗೆ ಕಟ್ಟಿದ ಕುದುರೆ ಎರಡು ಟನ್ನಿನಷ್ಟು ಭಾರವನ್ನು ಕಷ್ಟದಿಂದ ಎಳೆದರೆ, ದಡದ ಮೇಲೆ ನಡೆಯುತ್ತ ಹಗ್ಗದಿಂದ ದೋಣಿಯನ್ನೆಳೆಯುವ ಅದೇ ಕುದುರೆ ಸುಮಾರು ೩೦ ಟನ್ ಸರಕನ್ನು ಸಾಗಿಸಬಲ್ಲುದಾಗಿತ್ತು.

ಇದು ಹೇಗೆ ಸಾಧ್ಯ? ನೆಲದ ಮೇಲೆ ಉರುಳುವ ಗಾಲಿಗೆ ಎಷ್ಟೇ ನಿಧಾನವಾಗಿ ಎಳೆದರೂ ಘರ್ಷಣೆ ತಪ್ಪದು. ಮೇಲಾಗಿ ದಿಣ್ಣೆ ಬಂದರೆ ಭಾರವನ್ನೆಲ್ಲ ಎತ್ತಬೇಕು. ನೀರಿನ ಸ್ವಭಾವ ಬೇರೆ. ಅದು ಒಡ್ಡುವ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ತಡೆ ಕಾಲು ಭಾಗಕ್ಕೆ ಇಳಿಯುತ್ತದೆ. ಅವಸರವಿಲ್ಲದವನಿಗೆ ನೀರು ಬಹು ದೊಡ್ಡ ಭಾರವನ್ನು ಬಹು ಸಣ್ಣ ಬಲದಿಂದ ಸಾಗಿಸಿಕೊಡುತ್ತದೆ. ಅವಸರಪಡುವವನಿಗೆ ಅದೇ ನೀರು ಗೋಡೆಯಾಗುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ, ಬೇಕಾಗುವ ಸಾಮರ್ಥ್ಯ ಎಂಟು ಮಡಿ. ರೈಲು ಬಂದ ಮೇಲೆ ಕಾಲುವೆಗಳ ಸರಕುಸಾಗಣೆ ಕ್ಷೀಣಿಸಿದುದಕ್ಕೆ ಇದೂ ಒಂದು ಕಾರಣ. ಕಲ್ಲಿದ್ದಲನ್ನು ಇಳಿಸುತ್ತಿದ್ದ ಅನೇಕ ಧಕ್ಕೆಗಳಲ್ಲಿ ಇಂದು ವಿಹಾರಕ್ಕೆಂದು ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ.

ಹರಿಹರದ ಹೊಳೆ ಮತ್ತು ಹರಿಗೋಲು

ನಮ್ಮ ಕಡೆಯಲ್ಲಿ ದೋಣಿಗೆ ಇತಿಹಾಸವಿಲ್ಲವೆಂದಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದುದು ಸುಮಾರು ೧೨೨೪ರಲ್ಲಿ. ತುಂಗಭದ್ರೆಗೆ ಅಲ್ಲಿ ಕಲ್ಲು ಇಟ್ಟಿಗೆಗಳ ಕಮಾನು ಸೇತುವೆ ಬಂದುದು ೧೮೬೮ರಲ್ಲಿ. ಈ ಎರಡರ ನಡುವಣ ಆರು ನೂರಕ್ಕೂ ಮೀರಿದ ವರ್ಷಗಳಲ್ಲಿ ತುಂಬಿದ ಹೊಳೆಯನ್ನು ದಾಟಲು ಜನರು ನೆಚ್ಚಿದ್ದುದು ಹರಿಗೋಲನ್ನು. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದರ ಹೊರಮೈಗೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಆ ಕೆಲಸವನ್ನು ಮಾಡುತ್ತವೆ.

ಇದನ್ನು ಕೇವಲ ಹಳ್ಳಿಯ ಉಪಾಯವೆಂದು ಎಣಿಸಬಾರದು. ಸಣ್ಣ ಲೆಕ್ಕವೊಂದನ್ನು ಮಾಡಿದರೆ ಅದರ ಹಿರಿಮೆ ತಿಳಿಯುತ್ತದೆ. ಎರಡೂವರೆ ಮೀಟರ್ ಅಡ್ಡಳತೆಯ, ಚಪ್ಪಟೆ ತಳದ ಹರಿಗೋಲನ್ನು ಊಹಿಸಿಕೊಳ್ಳೋಣ. ಅದರ ತಳದ ವಿಸ್ತೀರ್ಣ ಸುಮಾರು ೪.೯ ಚದರ ಮೀಟರ್. ಅದು ೧೦ ಸೆಂಟಿಮೀಟರ್ ಮುಳುಗಿದರೆ ೦.೪೯ ಘನ ಮೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆ ನೀರಿನ ತೂಕ ೪೯೦ ಕಿಲೋಗ್ರಾಂ. ಆರ್ಕಿಮಿಡೀಸನ ನಿಯಮದಂತೆ ಹರಿಗೋಲಿನ ಮೇಲೆ ನೀರು ಒತ್ತುವ ಬಲವೂ ಅಷ್ಟೇ. ಹರಿಗೋಲಿನ ತೂಕ ೧೦೦ ಕಿಲೋಗ್ರಾಂ ಎಂದಿಟ್ಟುಕೊಂಡರೆ, ತಲಾ ೬೫ ಕಿಲೋಗ್ರಾಮಿನ ಆರು ಮಂದಿ ಕುಳಿತಾಗಲೂ ಅದು ಮುಳುಗುವುದು ಬರಿಯ ಒಂದು ಗೇಣಿಗಿಂತ ಕಡಿಮೆ! ಏಳನೆಯವನು ಹತ್ತಿದರೆ ಇನ್ನು ೧.೩ ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಬಂಡೆಗಳು ಮೊನೆ ಮೊನೆಯಾಗಿ ತಲೆಯೆತ್ತಿರುವ ತುಂಗಭದ್ರೆಯಂತಹ ಹೊಳೆಗೆ ಇಷ್ಟು ಮೇಲ್ಮೇಲೆ ತೇಲುವ ವಾಹನವೇ ತಕ್ಕುದು. ತಳಬೆನ್ನು ಇಲ್ಲದುದರಿಂದ ಅದು ಗಿರ್ರನೆ ತಿರುಗುತ್ತದೆಂಬುದು ನಿಜ. ಆದರೆ ಬಂಡೆಗೆ ತಗುಲಿದಾಗ ಒಡೆಯುವುದಕ್ಕೆ ಬದಲು ತಿರುಗಿ ಜಾರಿಕೊಳ್ಳುವುದೂ ಆ ಗುಣದಿಂದಲೇ.

ನೀರಿನ ಸೇತುವೆಯ ಒಗಟು

ದಾವಣಗೆರೆಯ ಸೀಮೆಯ ತಗ್ಗುಗಳಲ್ಲಿ ನಾಲೆಯ ನೀರನ್ನು ಕಂಬಗಳ ಮೇಲೆ ನಿಲ್ಲಿಸಿದ ಮೇಲ್ಗಾಲುವೆಯಲ್ಲಿ ಹಾಯಿಸಿದ್ದಾರೆ. ಇಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಒಗಟನ್ನಿಡಬಹುದು. ಹತ್ತು ಟನ್ ತೂಕದ ದೋಣಿಯೊಂದು ಮೇಲ್ಗಾಲುವೆಯಲ್ಲಿ ತೇಲುತ್ತ ಬಂದರೆ ಕಂಬಗಳ ಮೇಲಿನ ಭಾರ ಎಷ್ಟು ಹೆಚ್ಚುತ್ತದೆ?

‘ಹತ್ತು ಟನ್’ ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ. ಸರಿಯಾದ ಉತ್ತರ ‘ಏನೂ ಹೆಚ್ಚುವುದಿಲ್ಲ’ ಎಂದು. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಕಾಲುವೆಯ ಎರಡು ಕಡೆಯೂ ತೆರೆದಿರುವುದರಿಂದ ಸರಿದ ನೀರು ಉದ್ದಕ್ಕೂ ಹಂಚಿಹೋಗುತ್ತದೆ. ಮಟ್ಟ ಮೊದಲಿದ್ದಷ್ಟೇ ಇರುತ್ತದೆ. ಹತ್ತು ಟನ್ ನೀರು ಇದ್ದ ಸ್ಥಳದಲ್ಲಿ ಈಗ ಹತ್ತು ಟನ್ ದೋಣಿಯಿದೆ, ಅಷ್ಟೆ. ೧೮೦೫ರಲ್ಲಿ ಥಾಮಸ್ ಟೆಲ್ಫರ್ಡನು ವೇಲ್ಸಿನಲ್ಲಿ ಪೂರ್ಣಗೊಳಿಸಿದ ಪಾಂಟ್‌ಕಸಿಲ್ಟೆ ಮೇಲ್ಗಾಲುವೆ ಕಣಿವೆಯ ತಳದಿಂದ ಸುಮಾರು ೩೮ ಮೀಟರ್ ಎತ್ತರದಲ್ಲಿದೆ. ಅದರ ಕಬ್ಬಿಣದ ತೊಟ್ಟಿಯಲ್ಲಿ ಇಂದಿಗೂ ದೋಣಿಗಳು ಹೋಗುತ್ತಿವೆ. ಅದರ ಕಂಬಗಳಿಗೆ ದೋಣಿ ಬಂದುದೂ ಹೋದುದೂ ಗೊತ್ತಾಗುವುದಿಲ್ಲ.

ಈ ತತ್ತ್ವವನ್ನೇ ಬಳಸಿ ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬಲ್ಲಿ ೨೦೦೨ರಲ್ಲಿ ಒಂದು ಭಾರಿ ಚಕ್ರವನ್ನು ನಿರ್ಮಿಸಿದರು. ಚಕ್ರದ ಎರಡು ತುದಿಗಳಲ್ಲಿ ನೀರು ತುಂಬಿದ ಎರಡು ತೊಟ್ಟಿಗಳು. ಒಂದರಲ್ಲಿ ದೋಣಿಯಿರಲಿ, ಇನ್ನೊಂದರಲ್ಲಿ ಇಲ್ಲದಿರಲಿ, ನೀರಿನ ಮಟ್ಟ ಒಂದೇ ಆಗಿದ್ದರೆ ತೂಕವೂ ಒಂದೇ. ತಕ್ಕಡಿ ಸಮತೂಗಿದಂತಿರುವ ಆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ದೋಣಿಯನ್ನು ೨೪ ಮೀಟರ್ ಎತ್ತಲು ಸುಮಾರು ಒಂದೂವರೆ ಯೂನಿಟ್ ವಿದ್ಯುತ್ತು ಸಾಕಾಗುತ್ತದೆ.

ಇಳಿಜಾರಿನ ತೊಡಕು

ಹಾಗಾದರೆ ಭದ್ರಾ ನಾಲೆಗೆ ದೋಣಿಯನ್ನು ಹೊರುವ ಶಕ್ತಿಯಿಲ್ಲವೆ? ಶಕ್ತಿಗೆ ಕೊರತೆಯಿಲ್ಲ, ತೊಡಕಿರುವುದು ನಾಲೆಯ ಉದ್ದೇಶದಲ್ಲಿ. ೧೯೪೭ರಲ್ಲಿ ಆರಂಭವಾದ ಭದ್ರಾ ಯೋಜನೆಯ ಜಲಾಶಯ ಲಕ್ಕವಳ್ಳಿಯ ಬಳಿ ಇದೆ. ಅದರ ಆಳ ೧೮೬ ಅಡಿ, ಸಾಮರ್ಥ್ಯ ಸುಮಾರು ೭೧.೫ ಶತಕೋಟಿ ಘನ ಅಡಿ. ಬಲದಂಡೆ ನಾಲೆ ತುಂಬಿ ಹರಿಯುವಾಗ ಸೆಕೆಂಡಿಗೆ ಸುಮಾರು ೨,೬೫೦ ಘನ ಅಡಿ, ಅಂದರೆ ೭೫ ಘನ ಮೀಟರ್, ನೀರನ್ನು ಒಯ್ಯುತ್ತದೆ. ಅದು ಕವಲೊಡೆದು ದಾವಣಗೆರೆ, ಮಲೇಬೆನ್ನೂರುಗಳ ಕಡೆಯ ಗದ್ದೆಗಳನ್ನು ತಲುಪುತ್ತದೆ. ಯೋಜನೆಯ ಒಟ್ಟು ನೀರಾವರಿ ಸುಮಾರು ಒಂದು ಲಕ್ಷ ಹೆಕ್ಟೇರು.

ಇಷ್ಟು ನೀರನ್ನು ಪಂಪಿನ ನೆರವಿಲ್ಲದೆ ಹರಿಸುವುದು ಗುರುತ್ವಾಕರ್ಷಣೆ. ಜಲಾಶಯದ ತುಂಬುಮಟ್ಟ ಸಮುದ್ರಮಟ್ಟದಿಂದ ಸುಮಾರು ೬೫೮ ಮೀಟರ್. ದಾವಣಗೆರೆಯ ನೆಲ ಸುಮಾರು ೬೦೦ ಮೀಟರ್. ಆ ಇಳಿತವನ್ನು ನಾಲೆಯ ಉದ್ದಕ್ಕೂ ಎಚ್ಚರಿಕೆಯಿಂದ ಹಂಚಬೇಕು. ಹೆಚ್ಚು ಇಳಿಜಾರು ಕೊಟ್ಟರೆ ನೀರು ದಡವನ್ನು ಕೊರೆಯುತ್ತದೆ. ಕಡಿಮೆ ಕೊಟ್ಟರೆ ಹೂಳು ನಿಲ್ಲುತ್ತದೆ. ಅಂತೂ ನೀರಾವರಿ ನಾಲೆಯ ನೀರು ಹರಿಯಲೇಬೇಕು. ದೋಣಿಯ ಕಾಲುವೆಗಾದರೋ ಬೇಕಾದುದು ನಿಂತ ನೀರು.

ಹರಿಯುವ ನೀರು ದೋಣಿಗೆ ಮಾಡುವ ತೊಂದರೆಯನ್ನು ಲೆಕ್ಕದಿಂದ ನೋಡೋಣ. ನಿಂತ ನೀರಿನಲ್ಲಿ ಸೆಕೆಂಡಿಗೆ ೧.೫ ಮೀಟರ್ ಹುಟ್ಟುಹಾಕಬಲ್ಲವನೊಬ್ಬನು ಮೂರು ಕಿಲೋಮೀಟರು ಹೋಗಿ ಹಿಂದಿರುಗಲು ಸುಮಾರು ೬೭ ನಿಮಿಷ ಸಾಕು. ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಹರಿಯುತ್ತಿದ್ದರೆ ಹೋಗುವಾಗ ಅವನ ವೇಗ ೨.೫ ಮೀಟರ್, ೨೦ ನಿಮಿಷದಲ್ಲಿ ತಲುಪುತ್ತಾನೆ. ಬರುವಾಗ ವೇಗ ೦.೫ ಮೀಟರ್ ಮಾತ್ರ. ೧೦೦ ನಿಮಿಷ ಬೇಕು. ಹೋಗುವಾಗ ಸಿಕ್ಕ ಲಾಭ ಬರುವಾಗ ಆದ ನಷ್ಟವನ್ನು ಎಂದಿಗೂ ತುಂಬದು. ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದು ಅನುಭವದ ಮಾತು.

ಇಳಿಜಾರಿನ ನೆಲದಲ್ಲಿ ನಿಂತ ನೀರನ್ನು ಪಡೆಯಲು ಎಂಜಿನಿಯರುಗಳು ಕಂಡುಕೊಂಡ ಉಪಾಯ ‘ಲಾಕ್’. ಇದನ್ನು ನೀರಿನ ಮೆಟ್ಟಿಲೆನ್ನಬಹುದು. ಎರಡು ಕಡೆಯೂ ಕದಗಳುಳ್ಳ ಕಲ್ಲಿನ ತೊಟ್ಟಿಯೊಳಕ್ಕೆ ದೋಣಿಯನ್ನು ತಂದು ಹಿಂದಿನ ಕದವನ್ನು ಮುಚ್ಚುತ್ತಾರೆ. ಮೇಲಣ ನೀರನ್ನು ಒಳಕ್ಕೆ ಬಿಟ್ಟರೆ ದೋಣಿ ತಾನಾಗಿ ಏರುತ್ತದೆ. ಮಟ್ಟ ಸಮವಾದೊಡನೆ ಮುಂದಿನ ಕದವನ್ನು ತೆರೆಯುತ್ತಾರೆ. ಒಂದು ಮೆಟ್ಟಿಲು ಮೂರು ಮೀಟರಿನದೆಂದು ಹಿಡಿದರೂ ಲಕ್ಕವಳ್ಳಿಯಿಂದ ದಾವಣಗೆರೆಯವರೆಗೆ ಇಂತಹ ಹದಿನೈದಕ್ಕೂ ಹೆಚ್ಚು ಮೆಟ್ಟಿಲುಗಳು ಬೇಕಾದಾವು. ೨೫ ಮೀಟರ್ ಉದ್ದ, ೫ ಮೀಟರ್ ಅಗಲದ ಒಂದು ತೊಟ್ಟಿಯನ್ನು ಮೂರು ಮೀಟರ್ ಏರಿಸಲು ೩,೭೫,೦೦೦ ಲೀಟರ್ ನೀರು ಬೇಕು. ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಇದು ೨,೭೦೦ಕ್ಕೂ ಹೆಚ್ಚು ಜನರ ಒಂದು ದಿನದ ಬಳಕೆಯ ನೀರು. ಈ ನೀರು ಹಾಳಾಗದೆ ಕೆಳಗಣ ನಾಲೆಗೇ ಸೇರುತ್ತದೆಂಬುದು ದಿಟ. ಆದರೆ ಅದು ಇಳಿಯುವುದು ದೋಣಿ ಬಂದಾಗ, ಪೈರಿಗೆ ಬೇಕಾದಾಗಲ್ಲ.

ತುಂಗಭದ್ರೆಯ ನೀರಿನಲ್ಲಿ ಈ ಪ್ರಯೋಗ ನಡೆದೇ ಇಲ್ಲವೆಂದು ತಿಳಿಯಬಾರದು. ಕಾಲುವೆಗಳು ಗದ್ದೆಗೂ ದೋಣಿಗೂ ಒಟ್ಟಿಗೇ ಒದಗಬೇಕೆಂದು ಹಂಬಲಿಸಿದವನು ಸರ್ ಆರ್ಥರ್ ಕಾಟನ್. ಗೋದಾವರಿಯ ಸಮತಟ್ಟಾದ ಮುಖಜಭೂಮಿಯಲ್ಲಿ ಆ ಹಂಬಲ ಸಫಲವಾಯಿತು. ಅದೇ ಉತ್ಸಾಹದಲ್ಲಿ ೧೮೬೦ರ ದಶಕದಲ್ಲಿ ಮದ್ರಾಸ್ ಇರಿಗೇಷನ್ ಕಂಪೆನಿಯು ಕರ್ನೂಲಿಗೆ ಮೇಲೆ ಸುಂಕೇಶುಲದಲ್ಲಿ ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ ಕಡಪೆಯವರೆಗೆ ಲಾಕುಗಳುಳ್ಳ ಕಾಲುವೆಯನ್ನು ತೋಡಿತು. ಆದರೆ ಇಳಿಜಾರಿನ ಒಳನಾಡಿನಲ್ಲಿ ಖರ್ಚು ಮಿತಿಮೀರಿತು, ವರಮಾನ ಕೈಸೇರಲಿಲ್ಲ. ೧೮೮೨ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ದೋಣಿಗಳು ಕಾಲಕ್ರಮದಲ್ಲಿ ನಿಂತುಹೋದವು, ನೀರಾವರಿ ಉಳಿಯಿತು.

ಒಂಟಿ ಅಲೆಯ ಕತೆ

‘ಯಂತ್ರದ ದೋಣಿಯನ್ನು ಬಿಟ್ಟರೆ ಎದುರುಹರಿವಿನ ಚಿಂತೆಯಿಲ್ಲವಲ್ಲ’ ಎಂದು ಕೆಲವರು ವಾದಿಸಬಹುದು. ಅದಕ್ಕೆ ನಾಲೆಯ ಅಲೆಗಳೇ ಉತ್ತರವನ್ನು ಕೊಡುತ್ತವೆ.

೧೮೩೪ರ ಆಗಸ್ಟಿನಲ್ಲಿ ಜಾನ್ ಸ್ಕಾಟ್ ರಸ್ಸೆಲ್ ಎಂಬ ಎಂಜಿನಿಯರು ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ವೇಗವಾಗಿ ಎಳೆಯುತ್ತಿದ್ದ ದೋಣಿಯೊಂದನ್ನು ನೋಡುತ್ತಿದ್ದನು. ದೋಣಿ ಥಟ್ಟನೆ ನಿಂತಿತು. ಅದರ ಮುಂದೆ ಒಟ್ಟುಗೂಡಿದ್ದ ನೀರು ಮಾತ್ರ ನಿಲ್ಲಲಿಲ್ಲ. ಸುಮಾರು ಒಂದೂವರೆ ಅಡಿ ಎತ್ತರದ, ನುಣುಪಾದ ದಿಬ್ಬದಂತಹ ಒಂದೇ ಒಂದು ಅಲೆಯಾಗಿ ಅದು ಮುಂದೆ ಓಡಿತು. ರಸ್ಸೆಲನು ಕುದುರೆಯೇರಿ ಬೆನ್ನಟ್ಟಿದನು. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರವನ್ನು ಕೆಡಿಸಿಕೊಳ್ಳದೆ, ಅದು ಒಂದೆರಡು ಮೈಲಿ ಸಾಗಿತು. ೧೮೯೫ರಲ್ಲಿ ಕೋರ್ಟವೆಗ್ ಮತ್ತು ದ ವ್ರೀಸ್ ಎಂಬ ಡಚ್ ಗಣಿತಜ್ಞರು ಇಂತಹ ಅಲೆಯ ಸಮೀಕರಣವನ್ನು ಕೊಟ್ಟರು. ೧೯೬೫ರಲ್ಲಿ ಇಂತಹ ಅಲೆಗಳಿಗೆ ‘ಸೊಲಿಟಾನ್’ ಎಂಬ ಹೆಸರು ಬಂದಿತು. ಗಾಜಿನ ಎಳೆಗಳಲ್ಲಿ ಸಾಗುವ ಬೆಳಕಿನ ಮಿಡಿತಗಳನ್ನು ಅರಿಯಲು ಇಂದು ಈ ಭಾವನೆ ನೆರವಾಗುತ್ತಿದೆ.

ಆಳವಿಲ್ಲದ ನೀರಿನಲ್ಲಿ ಉದ್ದನೆಯ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ಆಳವನ್ನು ಗುರುತ್ವದ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ಅಲೆಯ ವೇಗ ದೊರೆಯುತ್ತದೆ. ಎರಡು ಮೀಟರ್ ಆಳದ ನಾಲೆಯಲ್ಲಿ ಇದು ಸೆಕೆಂಡಿಗೆ ೪.೪ ಮೀಟರ್, ಎಂದರೆ ಗಂಟೆಗೆ ಸುಮಾರು ೧೬ ಕಿಲೋಮೀಟರು. ದೋಣಿಯ ವೇಗ ಇದನ್ನು ಸಮೀಪಿಸಿದಂತೆಲ್ಲ ಅದು ಎಬ್ಬಿಸಿದ ಅಲೆ ಅದನ್ನು ಬಿಟ್ಟು ಮುಂದೆ ಹೋಗಲಾರದೆ ಮೂತಿಯ ಮುಂದೆಯೇ ಬೆಳೆಯುತ್ತದೆ. ಎಂಜಿನ್ನಿನ ಶಕ್ತಿಯ ಬಹುಭಾಗ ಅಲೆಯನ್ನು ತಳ್ಳುವುದರಲ್ಲಿಯೇ ವ್ಯಯವಾಗುತ್ತದೆ. ಇಕ್ಕಟ್ಟಾದ ನಾಲೆಯಲ್ಲಿ ದೋಣಿಯ ಪಕ್ಕದಿಂದ ನೀರು ರಭಸವಾಗಿ ಹಿಂದಕ್ಕೆ ಹಾಯಬೇಕಾದುದರಿಂದ ಅಲ್ಲಿ ಮಟ್ಟ ತಗ್ಗಿ ದೋಣಿ ತಳಕ್ಕೆ ಕುಸಿಯುವುದೂ ಉಂಟು. ಅಲೆಗಳು ದಡಕ್ಕೆ ಬಡಿದು ಕಲ್ಲುಗಳ ಸಂದಿನ ಮಣ್ಣನ್ನು ಎಳೆದುಕೊಂಡು ಹೋಗುತ್ತವೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಗೆ ಗಂಟೆಗೆ ನಾಲ್ಕು ಮೈಲಿಯ ಮಿತಿಯನ್ನು ವಿಧಿಸಿರುವುದು ಸುಮ್ಮನೆ ಅಲ್ಲ. ನಮ್ಮಲ್ಲಿ ನಾಲೆಯ ಏರಿ ಒಡೆದರೆ ಮೊದಲು ಸೊರಗುವವನು ಕೊನೆಯ ಭಾಗದ ರೈತ. ಮೊದಲೇ ಅವನಿಗೆ ನೀರು ತಲುಪುವುದು ತಡವಾಗಿ.

ಇನ್ನೊಂದು ಮಾತು. ನಮ್ಮ ನಾಲೆಗಳಲ್ಲಿ ವರ್ಷವಿಡೀ ನೀರಿರುವುದಿಲ್ಲ. ಮುಂಗಾರು ಬೆಳೆಗೊಮ್ಮೆ, ಬೇಸಿಗೆ ಬೆಳೆಗೊಮ್ಮೆ ಬಿಡುತ್ತಾರೆ. ನೀರು ಕಡಿಮೆಯಾದಾಗ ಸರದಿಯ ಮೇಲೆ ಬಿಟ್ಟು ನಿಲ್ಲಿಸುತ್ತಾರೆ. ನೀರು ನಿಂತ ದಿನ ಧಕ್ಕೆಯ ದೋಣಿಗಳು ಕೆಸರಿನ ಮೇಲೆ ಕುಳಿತಿರಬೇಕಾದೀತು. ಆದುದರಿಂದ ನಮ್ಮ ಕಡೆಯಲ್ಲಿ ದೋಣಿಗಟ್ಟೆಗೆ ತಕ್ಕ ಸ್ಥಳವೆಂದರೆ ಕೆರೆಯೇ ಹೊರತು ನಾಲೆಯಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ವಿಶಾಲ ಜಲರಾಶಿ. ಅದರಿಂದ ಹೊರಟ ಹರಿದ್ರಾ ಹಳ್ಳವೇ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದು. ದಾವಣಗೆರೆಯ ಪಕ್ಕದ ಕುಂದವಾಡ ಕೆರೆಯೂ ಭದ್ರಾ ನಾಲೆಯ ನೀರಿನಿಂದ ತುಂಬುತ್ತದೆ. ಆದರೆ ಅದು ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ಕೆರೆ. ಅಂತಹ ಕಡೆ ಎಣ್ಣೆಯನ್ನು ಸೋರಿಸುವ ಯಂತ್ರದೋಣಿಗೆ ಎಡೆಯಿರಕೂಡದು.

ನೀರಿಗಿಳಿಯುವ ಮುನ್ನ

ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬೇಸಿಗೆ ಬಂದಿತೆಂದರೆ ನಾಲೆಯಲ್ಲಿ ಈಜಲಿಳಿದ ಹುಡುಗರು ಕೊಚ್ಚಿಹೋದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಬೇಕಾಗುತ್ತದೆ. ಹರಿಯುವ ನೀರಿನ ಬಲವನ್ನು ಕಲಿತ ಮೇಲೆ ಅದನ್ನು ಬಳಸಬೇಕಾದುದು ಇಲ್ಲಿಯೇ.

ಎದೆಮಟ್ಟದ ನೀರಿನಲ್ಲಿ ನಿಂತ ೬೦ ಕಿಲೋಗ್ರಾಮಿನ ಯುವಕನನ್ನು ತೆಗೆದುಕೊಳ್ಳೋಣ. ಮುಳುಗಿದ ದೇಹವನ್ನು ನೀರು ಎತ್ತುವುದರಿಂದ ಅವನ ಕಾಲಿನ ಮೇಲೆ ಉಳಿಯುವ ಭಾರ ಸುಮಾರು ೨೦ ಕಿಲೋಗ್ರಾಂ ಮಾತ್ರ. ಘರ್ಷಣೆಯ ಗುಣಾಂಕ ೦.೪ ಎಂದರೆ ಅವನ ಕಾಲು ನೆಲವನ್ನು ಕಚ್ಚಿ ಹಿಡಿಯಬಲ್ಲುದು ೮ ಕಿಲೋಗ್ರಾಂ ತೂಕದಷ್ಟು ಬಲದಿಂದ. ಸೆಕೆಂಡಿಗೆ ಒಂದೇ ಮೀಟರ್ ವೇಗದ ನೀರು ಅವನನ್ನು ನೂಕುವ ಬಲವಾದರೋ ಸುಮಾರು ೨೦ ಕಿಲೋಗ್ರಾಂ! ನಡೆಯುವವನಿಗಿಂತ ನಿಧಾನವಾಗಿ ಹರಿಯುವ ಆ ನೀರು ನೋಡುವುದಕ್ಕೆ ಸಾಧುವಾಗಿರುತ್ತದೆ. ಆಳ ಹೆಚ್ಚಿದಂತೆ ಹಿಡಿತ ಕುಗ್ಗುತ್ತದೆ, ನೂಕು ಹೆಚ್ಚುತ್ತದೆ. ಎರಡೂ ಒಟ್ಟಿಗೆ ನಡೆಯುವುದೇ ಅಪಾಯದ ಮೂಲ.

ದಡಕ್ಕೆ ಬಂದರೂ ಹತ್ತುವುದು ಸುಲಭವಲ್ಲ. ಒಂದೂವರೆಗೆ ಒಂದರಂತೆ ಇಳಿಜಾರುಳ್ಳ ಕಾಂಕ್ರೀಟು ಮೈ ನೆಲದೊಡನೆ ೩೪ ಡಿಗ್ರಿ ಕೋನವನ್ನು ಮಾಡುತ್ತದೆ. ಅದರ ಮೇಲೆ ಜಾರದೆ ನಿಲ್ಲಲು ಘರ್ಷಣೆಯ ಗುಣಾಂಕ ೦.೬೭ಕ್ಕೆ ಕಡಿಮೆಯಿರಬಾರದು. ಒಣಗಿದ ಕಾಂಕ್ರೀಟಿನಲ್ಲಿ ಅದು ಉಂಟು. ಪಾಚಿ ಕಟ್ಟಿದ ಒದ್ದೆ ಕಾಂಕ್ರೀಟಿನಲ್ಲಿ ಇಲ್ಲ. ಒಳ್ಳೆಯ ಈಜುಗಾರನೂ ಇಲ್ಲಿ ಸೋಲುವುದು ಈಜು ಬಾರದೆ ಅಲ್ಲ, ಹಿಡಿಯಲು ಆಸರೆಯಿಲ್ಲದೆ.

ದೋಣಿಯಲ್ಲಿ ಕುಳಿತವರಿಗೂ ಒಂದು ನಿಯಮವಿದೆ. ದೋಣಿ ಓರೆಯಾದಾಗ ಮುಳುಗಿದ ಕಡೆ ನೀರಿನ ಒತ್ತು ಹೆಚ್ಚಿ ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಜನರು ಎದ್ದು ನಿಂತಷ್ಟೂ ಗುರುತ್ವಕೇಂದ್ರ ಮೇಲೇರಿ ಈ ಶಕ್ತಿ ಕುಗ್ಗುತ್ತದೆ. ಒಂದು ಮಿತಿಯನ್ನು ದಾಟಿದರೆ ದೋಣಿ ತಾನೇ ಮಗುಚುತ್ತದೆ. ಆದುದರಿಂದ ಚಿತ್ರ ತೆಗೆಯಲೆಂದು ಎಲ್ಲರೂ ಎದ್ದು ಒಂದೇ ಅಂಚಿಗೆ ಸರಿಯುವುದಕ್ಕಿಂತ ಅವಿವೇಕ ಬೇರೊಂದಿಲ್ಲ. ತೇಲುವ ಜಾಕೀಟನ್ನು ತೊಡಿಸದ ದೋಣಿಯನ್ನು ಹತ್ತಲೇಬಾರದು.

ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಧುಮುಕುವುದು ಸಹಜವಾಗಿ ತೋರಿದರೂ, ಒಬ್ಬನ ಬದಲು ಇಬ್ಬರು ಸಾಯುವುದು ಹೀಗೆಯೇ. ಮುಚ್ಚಳ ಬಿಗಿದ ೨೦ ಲೀಟರಿನ ಖಾಲಿ ಡಬ್ಬಿ ಹತ್ತಿರ ಹತ್ತಿರ ೨೦ ಕಿಲೋಗ್ರಾಂ ಭಾರವನ್ನು ನೀರಿನ ಮೇಲೆ ಹೊರಬಲ್ಲುದು. ಮುಳುಗುತ್ತಿರುವವನಿಗೆ ಬೇಕಾದುದಾದರೋ ತಲೆಯನ್ನು ನೀರಿನ ಮೇಲೆ ಹಿಡಿಯುವಷ್ಟು ಆಸರೆ, ಎಂದರೆ ಐದಾರು ಕಿಲೋಗ್ರಾಂ. ಒಂದು ಡಬ್ಬಿ, ಒಂದು ಹಗ್ಗ. ಇವು ಯಾವ ಗದ್ದೆಯ ಪಂಪುಮನೆಯಲ್ಲಿಯೂ ಸಿಗುತ್ತವೆ. ಹಗ್ಗವಿಲ್ಲದಿದ್ದರೆ ಉದ್ದನೆಯ ಗಳು, ಗಳುವಿಲ್ಲದಿದ್ದರೆ ಗಂಟು ಹಾಕಿದ ಪಂಚೆಗಳು. ದಡದಲ್ಲಿ ಕುಳಿತು, ಕಾಲೂರಿ ಎಳೆಯಬೇಕು.

ನಾಲೆಯನ್ನು ಅಗೆದುದು ಗದ್ದೆಗಾಗಿ. ಅದರಿಂದ ದೋಣಿಯ ಕೆಲಸವನ್ನು ಬಯಸುವುದು ಉಳುವ ಎತ್ತಿನ ಬೆನ್ನಿಗೆ ಜೀನು ಬಿಗಿದಂತೆ. ವಿಹಾರಕ್ಕೆ ಕೆರೆಯಿದೆ, ಬೇಸಿಗೆಯಲ್ಲಿ ಶಾಂತವಾದ ಹೊಳೆಯ ಮಡುಗಳಲ್ಲಿ, ಜಲ್ಲೆ ಹಿಡಿದ ಅನುಭವಿ ಅಂಬಿಗನೊಡನೆ, ಹರಿಗೋಲೂ ಇದೆ. ಮುಂದೊಮ್ಮೆ ಹರಿಗೋಲನ್ನು ಏರುವ ವಿದ್ಯಾರ್ಥಿಗಳು ಅದರ ಹೊರಮೈಗೆ ಸೀಮೆಸುಣ್ಣದಿಂದ ಗೆರೆಯೆಳೆದು, ಒಬ್ಬೊಬ್ಬರು ಹತ್ತಿದಾಗಲೂ ಅದು ಎಷ್ಟೆಷ್ಟು ಮುಳುಗಿತೆಂದು ಅಳೆದು ನೋಡಲಿ. ತಳದ ವಿಸ್ತೀರ್ಣ ಗೊತ್ತಿದ್ದರೆ ಪ್ರತಿಯೊಬ್ಬರ ತೂಕವನ್ನೂ ಆ ಗೆರೆಗಳಿಂದಲೇ ಓದಬಹುದು.